ಡುಮ್ಮನ ಅಳತೆ

ಬಸ್ ಡಿಪೋ, ವಿಶ್ರಾಂತಿ ಕೋಣೆ
ಜನವರಿ ೯

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ಮೊನ್ನೆ ಡ್ರೈವರುಗಳಿಗೆಲ್ಲ ವರ್ಷದ ತಪಾಸಣೆ ಇತ್ತು. ಡಿಪೋದ ಡಾಕ್ಟರು ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಮುಳ್ಳು ನೋಡಿದರು. ಆಮೇಲೆ ಯಂತ್ರ ಕೆಟ್ಟಿದೆಯೇನೋ ಎಂದು ತಾವೇ ಒಮ್ಮೆ ಹತ್ತಿ ನೋಡಿದರು. ಕೆಟ್ಟಿರಲಿಲ್ಲ. "ಹೊಟ್ಟೆ ಸ್ಟೇರಿಂಗಿಗೆ ತಾಗ್ತಿದೆಯಲ್ಲಪ್ಪ, ಬಸ್ಸನ್ನ ಕೈಯಲ್ಲಿ ತಿರುಗಿಸ್ತೀಯೋ ಹೊಟ್ಟೇಲೋ?" ಎಂದರು. ಬಿಪಿಯೂ ಜಾಸ್ತಿ ಇದೆ. ಮೇ ತಿಂಗಳಲ್ಲಿ ಮತ್ತೆ ನೋಡುತ್ತಾರಂತೆ. ಅಷ್ಟರಲ್ಲಿ ಎರಡೂ ಇಳಿಯದಿದ್ದರೆ ನನ್ನನ್ನು ಬಸ್ಸಿನಿಂದ ಇಳಿಸಿ ಪಾರ್ಸೆಲ್ ಕೋಣೆಗೆ ಹಾಕುತ್ತಾರಂತೆ.

ಮೀಸೆ ಬಂದಾಗಿನಿಂದ ನನಗೆ ಗೊತ್ತಿರುವುದು ಒಂದೇ ಕೆಲಸ. ಆ ಕೋಣೆಗೆ ಒಂದು ಕಿಟಕಿಯೂ ಇಲ್ಲ ಅಕ್ಕ.

ಅದಕ್ಕೇ ಎರಡು ದಿನ ಬರೀ ನೀರು ಕುಡಿದುಕೊಂಡಿದ್ದೆ. ಇವತ್ತು ಬೆಳಿಗ್ಗೆ ಟೈರಿನ ಗಾಳಿ ನೋಡಲು ಬಗ್ಗಿದವನು ಕಣ್ಣು ಕತ್ತಲೆ ಬಂದು ಅಲ್ಲೇ ಕುಳಿತುಬಿಟ್ಟೆ. ಕಂಡಕ್ಟರು ಕ್ಯಾಂಟೀನಿಗೆ ಓಡಿ ಎರಡು ಸಿಹಿ ಬನ್ನು ತಂದು ತಿನ್ನಿಸಿದ. ಮೂರನೆಯದನ್ನು ನಾನೇ ತರಿಸಿಕೊಂಡೆ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೂ ಪ್ರೀತಿ ಅನ್ನುವ ಹಾಗಾಗಿದೆ ನನ್ನ ಪಾಡು.

ಸಕ್ಕರೆ ಕಾಯಿಲೆ ಬಂದ ವರ್ಷ ನೀನು ಅಷ್ಟೊಂದು ತೂಕ ಇಳಿಸಿದೆಯಲ್ಲ, ಹೇಗೆ? ಮೊದಲು ಉಪಾಯ ಬರೆ, ಬೈಗುಳವನ್ನು ಕೊನೆಗೆ ಹಾಕು.

ನಿನ್ನ ತಮ್ಮ,
ಡುಮ್ಮ

*

ಹೊಲಿಗೆ ಅಂಗಡಿ
ಜನವರಿ ೨೧

ಡುಮ್ಮಾ,

ಬೈಗುಳವೇ ಮೊದಲು. ನಿನ್ನ ಬಸ್ಸಿಗೆ ಡೀಸೆಲ್ ಹಾಕದೆ ಎರಡು ದಿನ ಓಡಿಸುತ್ತೀಯಾ? ಮತ್ತೆ ನಿನ್ನ ಮೈಗೆ ಯಾಕೆ ಆ ಶಿಕ್ಷೆ? ವರ್ಷಗಟ್ಟಲೆ ತುಂಬಿಸಿದ್ದು ವಾರದಲ್ಲಿ ಖಾಲಿ ಆಗುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಅಮ್ಮ ಹೇಳುತ್ತಿದ್ದದ್ದು ನಿನ್ನನ್ನು ನೋಡಿಯೇ.

ಈಗ ಉಪಾಯ. ದೊಡ್ಡ ತಟ್ಟೆ ಎತ್ತಿಡು. ಸಣ್ಣ ತಟ್ಟೆಯಲ್ಲಿ ಅರ್ಧ ತರಕಾರಿ ಇರಲಿ, ಉಳಿದರ್ಧದಲ್ಲಿ ಅನ್ನವೋ ಬ್ರೆಡ್ಡೋ, ಜೊತೆಗೆ ಬೇಳೆ ಅಥವಾ ಮೊಟ್ಟೆ. ಹೊತ್ತಿಗೆ ಸರಿಯಾಗಿ ಉಣ್ಣು. ಉಪವಾಸ ಬಿದ್ದವನೇ ಆಮೇಲೆ ಮೂರು ಬನ್ನು ತಿನ್ನುವುದು. ಬಸ್ಸು ನಿಂತಲ್ಲೆಲ್ಲ ಕರಿದದ್ದಕ್ಕೆ ಕೈ ಚಾಚಬೇಡ, ಹಣ್ಣು ಇಟ್ಟುಕೊಂಡಿರು. ಚಹಾದ ಸಕ್ಕರೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡು, ನಾಲಿಗೆಗೆ ತಿಳಿಯುವುದಿಲ್ಲ. ದಿನಾ ನಡಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಮಾತು ನಿನಗೆ ಬರುತ್ತದೆ, ಊಟ ಕಲಿ.

ಕಿಲೋ ಲೆಕ್ಕ ನನಗೆ ಬೇಡ, ಅದು ದಿನಕ್ಕೊಂದು ಕಥೆ ಹೇಳುತ್ತದೆ. ತಿಂಗಳಿಗೊಮ್ಮೆ ಹೊಕ್ಕಳಿನ ನೇರಕ್ಕೆ ಒಂದು ದಾರ ಸುತ್ತಿ, ಸರಿಯಾಗಿ ಕತ್ತರಿಸಿ, ಪತ್ರದೊಳಗೆ ಇಟ್ಟು ಕಳಿಸು. ನಾನು ದರ್ಜಿ, ನನಗೆ ದಾರದ ಭಾಷೆ ತಿಳಿಯುತ್ತದೆ.

ನಾನೇ ಬಂದು ನಿನ್ನ ತಟ್ಟೆ ಕಾಯುತ್ತಿದ್ದೆ. ಆದರೆ ಅತ್ತೆ ಹಾಸಿಗೆಯಿಂದ ಎದ್ದಿಲ್ಲ, ಅವರನ್ನು ಬಿಟ್ಟು ಬೀದಿಯ ತುದಿಗೂ ಹೋಗಲಾರೆ.

ನಿನ್ನ ಅಕ್ಕ

*

ಡಿಪೋ
ಫೆಬ್ರವರಿ ೨೨

ಅಕ್ಕಾ,

ನಡೆಯುತ್ತಿದ್ದೇನೆ. ಬಸ್ಸು ತೆಗೆಯುವ ಮೊದಲು ಡಿಪೋದ ಗೋಡೆಯ ಗುಂಟ ಸುತ್ತು ಹಾಕುತ್ತೇನೆ. ಮೊದಲ ದಿನ ಮೆಕ್ಯಾನಿಕ್ಕುಗಳೆಲ್ಲ ಪಾನಾ ಕೆಳಗಿಟ್ಟು ಸಾಲಾಗಿ ನಿಂತು ನೋಡಿದರು. ಒಬ್ಬ ಹಿಂದಿನಿಂದ ರಿವರ್ಸ್ ಹಾರನ್ನಿನ ಹಾಗೆ ಕೂಗಿದ. ಈಗ ಕಂಡಕ್ಟರೂ ಜೊತೆಗೆ ಬರುತ್ತಿದ್ದಾನೆ. ಅವನು ಕಡ್ಡಿಯಂತಿದ್ದಾನೆ, ಅವನಿಗೆ ಇದರ ಅಗತ್ಯವೇ ಇಲ್ಲ. ಕೇಳಿದರೆ "ನೀವು ಬಿದ್ರೆ ಎತ್ತೋರು ಬೇಕಲ್ಲ" ಎನ್ನುತ್ತಾನೆ. ಅವನೊಬ್ಬನೇ ನನ್ನನ್ನು ಎತ್ತುವುದು ಹೇಗೆ ಎಂದು ಇಬ್ಬರೂ ಯೋಚಿಸಿಲ್ಲ.

ನನ್ನ ಹೆಂಡತಿ, ನಿನ್ನ ನಾದಿನಿಯೂ ಶಿಶುವಿಹಾರದ ಕೆಲಸ ಮುಗಿಸಿ ಬರುವಾಗ ದಿನಾ ಸೊಪ್ಪು ತರುತ್ತಾಳೆ. ಅಲ್ಲಿಯ ಮಕ್ಕಳಿಗೆ ಹೇಳುವ ಹಾಗೆ ನನಗೂ "ಇದೊಂದು ತುತ್ತು, ಜಾಣ" ಎನ್ನುತ್ತಾಳೆ. ದಾರ ಇಟ್ಟಿದ್ದೇನೆ. ನೋಡಿ ಖುಷಿಪಡು.

ಡುಮ್ಮ

*

ಹೊಲಿಗೆ ಅಂಗಡಿ
ಮಾರ್ಚ್ ೬

ಕಳ್ಳಾ,

ಯಾರಿಗೆ ಟೋಪಿ ಹಾಕುತ್ತೀಯ? ಇದು ಉಸಿರು ಬಿಗಿಹಿಡಿದು ಅಳೆದ ದಾರ. ಈ ದಾರ ನಿಜವಾದರೆ ನಿನ್ನ ಮದುವೆಯ ಪ್ಯಾಂಟು ಈಗ ನಿನಗೆ ಸಡಿಲವಾಗಬೇಕು. ಅಂಗಡಿಗೆ ಬರುವವರೆಲ್ಲ ಟೇಪು ಸುತ್ತಿದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನಾನು ಮಕ್ಕಳ ಬಗ್ಗೆ, ನೆಂಟರ ಬಗ್ಗೆ ಏನಾದರೂ ಕೇಳುತ್ತಾ ನಿಲ್ಲುತ್ತೇನೆ. ಉತ್ತರ ಹೇಳಲು ಉಸಿರು ಬಿಡಲೇಬೇಕಲ್ಲ, ಆಗ ಅಳೆಯುತ್ತೇನೆ. ಇನ್ನು ಮೇಲೆ ದಾರವನ್ನು ನಾದಿನಿಯೇ ಸುತ್ತಲಿ. ನೀನು ಆಗ ಜೋರಾಗಿ ನನಗೆ ಬೈಯುತ್ತಾ ಇರು.

ನಡೆಯುವುದನ್ನು ಮಾತ್ರ ಬಿಡಬೇಡ. ಮೋಸದ ದಾರ ಕಳಿಸಿದರೂ ಗೋಡೆ ಸುತ್ತಿದ್ದು ನಿಜವಲ್ಲ, ನನಗೆ ಅಷ್ಟು ಸಾಕು. ಓದುತ್ತಾ ಅತ್ತೆಯ ಮುಂದೆ ಒಬ್ಬಳೇ ನಕ್ಕೆ.

ಅಕ್ಕ

*

ಡಿಪೋ
ಮೇ ೧೭

ಅಕ್ಕಾ, ಗೆದ್ದೆ.

ಡಾಕ್ಟರು ಯಂತ್ರದ ಮುಳ್ಳು ನೋಡಿ ನನ್ನ ಕೈ ಕುಲುಕಿದರು. ಬಿಪಿ ಇಳಿದಿದೆ. ತಿಂಗಳು ತಿಂಗಳು ಸ್ವಲ್ಪಸ್ವಲ್ಪವೇ ಇಳಿಸಿದ್ದೀಯ, ಇಳಿಸಬೇಕಾದದ್ದೇ ಹೀಗೆ ಎಂದರು. ಬಸ್ಸು ನನ್ನದೇ. ಹೊಟ್ಟೆಗೂ ಸ್ಟೇರಿಂಗಿಗೂ ಮಧ್ಯೆ ಈಗ ಒಂದು ಅಂಗೈ ಆರಾಮಾಗಿ ಹೋಗುತ್ತದೆ. ಪ್ರಯಾಣಿಕರ ಎದುರೇ ಅಂಗೈ ಆಡಿಸಿ ನೋಡಿಕೊಳ್ಳುತ್ತಿರುತ್ತೇನೆ.

ಈಗ ಬೆಳಿಗ್ಗೆ ಗೋಡೆ ಸುತ್ತುವವರದ್ದೇ ಒಂದು ಗುಂಪಾಗಿದೆ. ರಿವರ್ಸ್ ಹಾರನ್ನು ಕೂಗಿದ ಮೆಕ್ಯಾನಿಕ್ಕೂ ಬರುತ್ತಾನೆ. ನಾನು ಮುಂದೆ, ಅವರೆಲ್ಲ ಹಿಂದೆ. ಹುಟ್ಟಿದಾಗಿನಿಂದ ಎಲ್ಲದರಲ್ಲೂ ಹಿಂದೆ ಬಿದ್ದವನು ನಾನು, ಶಾಲೆಯ ಓಟದಲ್ಲಿ ಬಹುಮಾನ ಹಂಚಿ ಮುಗಿದ ಮೇಲೆ ತಲುಪುತ್ತಿದ್ದವನು. ನನಗೆ ಇದೆಲ್ಲ ಎಷ್ಟು ಸಂತೋಷ ಕೊಟ್ಟಿದೆ ಎಂದು ಬರೆಯಲು ಬರುತ್ತಿಲ್ಲ.

ದಾರವನ್ನು ಅವಳೇ ಸುತ್ತಿದ್ದು. ಬೇಕಾದರೆ ಎರಡು ಅಂಗಿ ಹೊಲಿದು ಕಳಿಸು. ಹಳೆಯವು ಡೇರೆಯ ಹಾಗಿವೆ.

ನಿನ್ನ ಡುಮ್ಮ

*

ಡಿಪೋ
ಆಗಸ್ಟ್ ೧೧

ಅಕ್ಕನಿಗೆ,

ಅಂಗಿಗಳು ಜೂನಿನಲ್ಲೇ ಬಂದವು, ಬಹಳ ಚೆನ್ನಾಗಿದ್ದವು. ಈಗ ಅವೂ ಸಡಿಲವಾಗಿವೆ. ತಪಾಸಣೆ ಮುಗಿದ ಮೇಲೆ ಸ್ವಲ್ಪ ಸಡಿಲ ಬಿಟ್ಟಿದ್ದೆ, ಬನ್ನೂ ತಿಂದೆ, ಮುಚ್ಚಿಡುವುದಿಲ್ಲ. ಆದರೂ ಇಳಿಯುತ್ತಲೇ ಇದೆ. ಮೈಗೆ ಇಳಿಯುವುದೇ ಅಭ್ಯಾಸವಾಗಿಬಿಟ್ಟಿದೆ ಎಂದು ಕಂಡಕ್ಟರು ಹೇಳುತ್ತಾನೆ. ಬ್ರೇಕ್ ಹಿಡಿಯದ ಬಸ್ಸಿನ ಹಾಗೆ.

ಹಸಿವು ಮೊದಲಿನಂತಿಲ್ಲ. ನಾಲ್ಕು ತುತ್ತಿಗೇ ಸಾಕು ಅನ್ನಿಸುತ್ತದೆ. ಬೆನ್ನು ಸ್ವಲ್ಪ ನೋಯುತ್ತದೆ, ಅದು ಸೀಟಿನ ತಪ್ಪು. ಡಿಪೋದಲ್ಲಿ ಹೊಸಬರು ನನ್ನ ಹಳೆಯ ಫೋಟೋ ನೋಡಿ ನಂಬುವುದೇ ಇಲ್ಲ. "ಗುರುಗಳೇ, ಗುಟ್ಟು ಹೇಳಿ" ಎಂದು ಹಿಂದೆ ಬೀಳುತ್ತಾರೆ.

ದಾರ ಇದೆ.

ಡುಮ್ಮ

*

ಹೊಲಿಗೆ ಅಂಗಡಿ
ಆಗಸ್ಟ್ ೨೭

ನನ್ನ ಬಂಗಾರ,

ದಾರ ಬಿಚ್ಚಿದವಳು ನಂಬದೆ ಟೇಪಿಗೆ ಇಟ್ಟು ಎರಡು ಸಲ ನೋಡಿದೆ. ಹದಿನೆಂಟರ ಹುಡುಗನ ಸೊಂಟ. ನಾದಿನಿ ಮೊದಲ ಸಲ ಸುತ್ತಿದ ದಾರ, ಈಗಿನ ದಾರ ಎರಡನ್ನೂ ಕನ್ನಡಿಯ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. "ನನ್ನ ತಮ್ಮ, ಬಸ್ ಡ್ರೈವರು, ಬರೀ ನಡೆದು, ಹಿತವಾಗಿ ಉಂಡು ಇಷ್ಟು ಇಳಿಸಿದಾನೆ" ಎಂದು ಹೇಳುವಾಗ ನನಗೆ ಎಷ್ಟು ಹೆಮ್ಮೆ ಗೊತ್ತಾ?

ಹಸಿವಿಲ್ಲ ಎಂದು ಬರೆದಿದ್ದೀಯ. ಹೊಟ್ಟೆ ಕೊನೆಗೂ ಬುದ್ಧಿ ಕಲಿತಿದೆ ಎಂದುಕೋ. ಅದೇ ನಿಜವಾದ ಗೆಲುವು. ಹೀಗೇ ಮುಂದುವರಿಸು.

ಹೆಮ್ಮೆಯ
ಅಕ್ಕ

*

ಮನೆ
ಅಕ್ಟೋಬರ್ ೨೦

ಅಕ್ಕನಿಗೆ,

ತಡವಾಗಿ ಬರೆಯುತ್ತಿದ್ದೇನೆ, ಕೋಪ ಬೇಡ. ಕೆಲಸದ ಪಾಳಿ ಬದಲಾಗಿದೆ, ಮನೆಯಲ್ಲಿರುವುದೇ ಹೆಚ್ಚು. ಇಳಿಯುವುದು ನಿಂತಿದೆ. ದಾರ ನೋಡು, ಆಗಸ್ಟಿನದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನು ಇಲ್ಲೇ ನಿಲ್ಲುತ್ತದೆ ಅನ್ನಿಸುತ್ತದೆ.

ಅತ್ತೆಯ ಆರೋಗ್ಯ ಹೇಗಿದೆ? ನೀನು ನಿನ್ನ ಸಕ್ಕರೆ ನೋಡಿಸಿಕೊಂಡೆಯಾ?

ತಮ್ಮ

*

ಹೊಲಿಗೆ ಅಂಗಡಿ
ನವೆಂಬರ್ ೧೨

ಡುಮ್ಮಾ,

ನಿಂತದ್ದು ಒಳ್ಳೆಯದೇ. ಇಳಿಸಿದ್ದನ್ನು ಉಳಿಸಿಕೊಳ್ಳುವುದೇ ಕಷ್ಟ ಎನ್ನುತ್ತಾರೆ, ನೀನು ಅದನ್ನೂ ಮಾಡಿದೆ. ಚಳಿ ಶುರುವಾಯಿತಲ್ಲ, ಬೆಳಿಗ್ಗೆ ನಡೆಯುವಾಗ ಹಾಕಿಕೊಳ್ಳಲು ಉಣ್ಣೆಬಟ್ಟೆಯ ಕೋಟು ಹೊಲಿದು ಪಾರ್ಸೆಲ್ ಮಾಡಿದ್ದೇನೆ. ನೀನು ಕಳಿಸಿದ ದಾರದ ಅಳತೆಗೇ ಸರಿಯಾಗಿ ಕತ್ತರಿಸಿದ್ದೇನೆ, ಒಂದು ನೂಲು ಆಚೀಚೆ ಇರುವುದಿಲ್ಲ. ಹಾಕಿಕೊಂಡು ಹೇಗಿದೆ ಎಂದು ಬರೆ. ಪತ್ರ ಇಷ್ಟು ಮೋಟಾಗಿ ಬರೆದರೆ ಓದಿದ ಹಾಗೇ ಆಗುವುದಿಲ್ಲ.

ಅಕ್ಕ

*

ಮನೆ
ಡಿಸೆಂಬರ್ ೪

ಅತ್ತಿಗೆಯವರಿಗೆ ನಮಸ್ಕಾರಗಳು.

ಅವರಿಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಕೋಟು ಬಂತು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಹೆಗಲು ತೋಳಿನವರೆಗೆ ಜಾರಿತು, ಗುಂಡಿ ಹಾಕಿದ ಮೇಲೂ ಒಳಗೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿತ್ತು. ನಾನು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಅತ್ತೆ.

ದಾರ ಸುಳ್ಳು, ಅತ್ತಿಗೆ. ಆಗಸ್ಟಿನಲ್ಲಿ ನಿಮಗೆ ಕಳಿಸುವಾಗ ಅದೇ ಅಳತೆಯ ಇನ್ನೊಂದು ದಾರವನ್ನು ಖುಷಿಗೆಂದು ಇಟ್ಟುಕೊಂಡಿದ್ದರು. ಅಕ್ಟೋಬರಿನಲ್ಲಿ ಅದನ್ನೇ ಕಳಿಸಿದರು. ನಿಜವಾಗಿ ಸುತ್ತಿದ್ದರೆ ನೀವು ಬಿಚ್ಚಿದ ಕೂಡಲೇ ಹೆದರುತ್ತಿದ್ದಿರಿ.

ಸೆಪ್ಟೆಂಬರಿನಲ್ಲಿ ಕಣ್ಣು ಹಳದಿಯಾಯಿತು. ದೊಡ್ಡಾಸ್ಪತ್ರೆಗೆ ಹೋದೆವು. ಹೊಟ್ಟೆಯ ಹಿಂಭಾಗದ ಗ್ರಂಥಿಯಲ್ಲಿ ಗಡ್ಡೆಯಿದೆ, ಕ್ಯಾನ್ಸರು, ಹರಡಿದೆ ಎಂದರು. ಕತ್ತರಿಸಿ ತೆಗೆಯುವ ಹಂತ ದಾಟಿದೆಯಂತೆ. ತೂಕ ಇಳಿಯುತ್ತಿರುವುದು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಎಲ್ಲಿಯವರೆಗೆ ನಡಿಗೆಯಿಂದ ಇಳಿಯಿತು, ಎಲ್ಲಿಂದ ಕಾಯಿಲೆ ಇಳಿಸಿತು, ಹೇಗೆ ಹೇಳುವುದು? ಡಿಪೋದವರೆಲ್ಲ ಬೆನ್ನು ತಟ್ಟುತ್ತಿದ್ದರು. ನಾನೂ ಹಳೆಯ ಪ್ಯಾಂಟುಗಳನ್ನು ಮೂಟೆ ಕಟ್ಟಿ ಕೊಟ್ಟುಬಿಟ್ಟಿದ್ದೆ.

ನಡಿಗೆಯಿಂದಾಗಲಿ ಊಟದಿಂದಾಗಲಿ ಇದು ಬಂದದ್ದಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದಾರೆ. ಪ್ರಯತ್ನ ಬಿಟ್ಟ ಮೇಲೂ ತೂಕ ಇಳಿದಾಗ, ಹಸಿವು ಸತ್ತಾಗ ತೋರಿಸಬೇಕಿತ್ತು, ಅಷ್ಟೆ. ತೋರಿಸಿದ್ದರೂ ಉಳಿಯುತ್ತಿದ್ದರು ಎಂದು ಹೇಳಲಾಗದು ಎಂದರು. ನಿಮಗೆ ತಿಳಿಸಬೇಡ ಎಂದು ಇವರು ನನ್ನಿಂದ ಮಾತು ತೆಗೆದುಕೊಂಡಿದ್ದರು. "ಅಕ್ಕ ತನ್ನಿಂದಲೇ ಆಯ್ತು ಅಂದ್ಕೋತಾಳೆ" ಎನ್ನುತ್ತಾರೆ. ನನ್ನೊಬ್ಬಳಿಂದ ಇದನ್ನು ಹೊರಲು ಆಗುತ್ತಿಲ್ಲ. ದಿನ ಹೆಚ್ಚಿಲ್ಲ ಅತ್ತಿಗೆ. ಬರಲು ಆಗುತ್ತದಾ?

ನಿಮ್ಮ ನಾದಿನಿ

*

ಹೊಲಿಗೆ ಅಂಗಡಿ
ಡಿಸೆಂಬರ್ ೧೩

ಡುಮ್ಮಾ,

ನನಗೆ ಎಲ್ಲ ತಿಳಿಯಿತು. ಅವಳಿಗೆ ಒಂದು ಮಾತೂ ಅನ್ನಬೇಡ. ಅಂದರೆ ಬಂದು ಕಿವಿ ಹಿಂಡುತ್ತೇನೆ.

ಬೆಳಗಿನಿಂದ ಕತ್ತರಿ ಹಿಡಿದಿಲ್ಲ. ಆಗಸ್ಟಿನಲ್ಲಿ ನಿನಗೆ ಬರೆದ ಪತ್ರ ನನಗೆ ಅಕ್ಷರ ಅಕ್ಷರ ನೆನಪಿದೆ. ನೀನು ಹಸಿವಿಲ್ಲ ಅಂದಿದ್ದೆ, ನಾನು ಗೆಲುವು ಅಂದೆ. ನೀನು ಬೆನ್ನು ನೋವು ಅಂದಿದ್ದೆ, ಅದನ್ನು ಓದಿದ ನೆನಪೇ ಇಲ್ಲ. ನೀನು ಕರಗಿ ಹೋಗುತ್ತಿದ್ದೆ, ನಾನು ಅದನ್ನು ಮೊಳೆಗೆ ಹಾಕಿ ಜನರಿಗೆ ತೋರಿಸುತ್ತಿದ್ದೆ. ಆ ಪತ್ರ ಇದ್ದರೆ ಹರಿದು ಒಲೆಗೆ ಹಾಕು.

ನಿನ್ನ ಮೇಲೆ ಕೋಪವಿದೆ. ಫೆಬ್ರವರಿಯಲ್ಲಿ ಮೋಸದ ದಾರ ಕಳಿಸಿದಾಗ ಕಂಡುಹಿಡಿದೆ. ಅಕ್ಟೋಬರಿನಲ್ಲಿ ಕಂಡುಹಿಡಿಯಲಾಗಲಿಲ್ಲ, ಯಾಕೆಂದರೆ ನನಗೆ ಬೇಕಾದದ್ದನ್ನೇ ನೀನು ಕಳಿಸಿದ್ದೆ. ನನ್ನನ್ನು ಅಷ್ಟು ಚೆನ್ನಾಗಿ ಅಳೆದುಬಿಟ್ಟೆಯಲ್ಲೋ.

ಎದುರು ಮನೆಯ ದಾದಿ ಅತ್ತೆಯನ್ನು ನೋಡಿಕೊಳ್ಳಲು ಒಪ್ಪಿದ್ದಾಳೆ. ಅವಳಿಗೆ ರಜೆ ಸಿಗುವುದು ತಿಂಗಳ ಕೊನೆಗೆ. ಸಿಕ್ಕ ದಿನವೇ ರೈಲು ಹತ್ತುತ್ತೇನೆ. ಅಲ್ಲಿಯವರೆಗೆ ಇರು. ದಯವಿಟ್ಟು ಇರು. ಏನು ತಿನ್ನಬೇಕು ಅನ್ನಿಸಿದರೂ ತಿನ್ನು, ಸಣ್ಣ ತಟ್ಟೆ, ದೊಡ್ಡ ತಟ್ಟೆ ಯಾವುದೂ ಬೇಡ.

ಅಕ್ಕ

*

ಮನೆ
ಡಿಸೆಂಬರ್ ೨೨

ಅಕ್ಕಾ,

ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಹೊಟ್ಟೆಗೆ ಹಾಕಿಕೋ. ಅವಳಿಗೆ ನಾನು ಬೈದಿಲ್ಲ. ನಿನ್ನ ಪತ್ರವನ್ನು ಒಲೆಗೂ ಹಾಕಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ನೀನು ಬರೆದಿದ್ದೆ. ನಾನು ಊಟ ಕಲಿತೆ ಅಕ್ಕ, ನಿಜವಾಗಿ ಕಲಿತೆ. ಈ ರೋಗಕ್ಕೆ ಆ ಗಾದೆ ಗೊತ್ತಿರಲಿಲ್ಲ. ಅದು ನಿನ್ನ ತಪ್ಪಲ್ಲ, ಗಾದೆಯ ತಪ್ಪೂ ಅಲ್ಲ. ಫೆಬ್ರವರಿಯಿಂದ ಜೂನಿನವರೆಗೆ ನಾನು ಇದ್ದ ಹಾಗೆ ಜೀವಮಾನದಲ್ಲಿ ಯಾವತ್ತೂ ಇರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ, ಮಲಗಿದರೆ ನಿದ್ದೆ. ಬೆಳಿಗ್ಗೆ ಗೋಡೆ ಸುತ್ತುವಾಗ ಇಬ್ಬನಿಯಲ್ಲಿ ಬಸ್ಸುಗಳು ಸಾಲಾಗಿ ನಿಂತಿರುವುದನ್ನು ನೋಡುತ್ತಾ, ಇಷ್ಟು ದಿನ ಇದನ್ನು ಯಾಕೆ ನೋಡಲಿಲ್ಲ ಅನ್ನಿಸುತ್ತಿತ್ತು. ಅದನ್ನು ಕೊಟ್ಟವಳು ನೀನು. ಇನ್ಯಾವುದನ್ನೂ ನಿನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ಗುಂಪಿನವರು ಈಗಲೂ ಸುತ್ತುತ್ತಿದ್ದಾರಂತೆ. ಕಂಡಕ್ಟರು ಸಂಜೆ ಬಂದು ವರದಿ ಒಪ್ಪಿಸುತ್ತಾನೆ.

ನನಗೆ ಒಂದೇ ಭಯ. ಸಾಯುವುದಕ್ಕೂ ಅಷ್ಟು ಭಯವಿಲ್ಲ, ಸುಳ್ಳು ಹೇಳುತ್ತಿಲ್ಲ. ನೀನು ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ಕೂಡಲೇ ನಿನ್ನ ಮುಖ ಏನಾಗುತ್ತದೋ ಎಂದು ಭಯ. ಅದನ್ನು ನೋಡಲಾರದೆಯೇ ಆ ದಾರ ಕಳಿಸಿದ್ದು. ರೈಲಿನಲ್ಲಿ ಎರಡು ದಿನ ಇರುತ್ತದಲ್ಲ, ಮುಖವನ್ನು ಅಭ್ಯಾಸ ಮಾಡಿಕೊಂಡು ಬಾ. ಬೇಗ ಬಾ.

ನಿನ್ನ ಡುಮ್ಮ
(ಹಾಗೆ ಕರೆಸಿಕೊಳ್ಳುವ ಯೋಗ್ಯತೆ ಈಗ ಇಲ್ಲ, ಆದರೂ)

*

ಹೊಲಿಗೆ ಅಂಗಡಿ
ಮಾರ್ಚ್ ೧೯

ಪ್ರೀತಿಯ ತಂಗಿ,

ನಾದಿನಿ ಎಂದು ಬರೆಯಲು ಮನಸ್ಸು ಬರಲಿಲ್ಲ. ನಿನ್ನ ಪತ್ರ ಬಂದು ವಾರವಾಯಿತು. ಅವನಿಲ್ಲದ ಮನೆಯಲ್ಲಿ ಒಲೆ ಹಚ್ಚಲು ಕೈ ಬರುವುದಿಲ್ಲ, ಶಿಶುವಿಹಾರದ ಮಕ್ಕಳು ಬಿಟ್ಟ ಬಿಸ್ಕತ್ತಿನಲ್ಲೇ ದಿನ ಕಳೆಯುತ್ತದೆ ಎಂದು ಬರೆದಿದ್ದೀಯ. ಓದಿ ಮಡಚಿಟ್ಟೆ. ಬುದ್ಧಿ ಹೇಳುವ ಯೋಗ್ಯತೆ ನನಗೂ ಇರಲಿಲ್ಲ, ನನ್ನ ಕಥೆಯೂ ಅದೇ ಆಗಿತ್ತು. ಅತ್ತೆಗೆ ಉಣ್ಣಿಸಿ, ಪಾತ್ರೆ ತೊಳೆದು, ಮಲಗುತ್ತಿದ್ದೆ. ಅತ್ತೆ "ನಿಂದಾಯ್ತೇನೇ?" ಎಂದು ಕೇಳಿದರೆ ಆಯಿತು ಎನ್ನುತ್ತಿದ್ದೆ.

ಅಲ್ಲಿಂದ ಬಂದ ಮೇಲೆ ನಿನಗೆ ಒಂದು ವಿಷಯ ಹೇಳಿರಲಿಲ್ಲ. ಅವತ್ತು ನೀನು ಔಷಧಿ ತರಲು ಹೋಗಿದ್ದೆ, ಬಾಗಿಲು ತೆರೆದೇ ಇತ್ತು. ರೈಲಿನುದ್ದಕ್ಕೂ ನಾನು ಮುಖ ಅಭ್ಯಾಸ ಮಾಡಿದ್ದೆ. ಸ್ಟೇಷನ್ನಿನ ಕನ್ನಡಿಯಲ್ಲೂ ನೋಡಿಕೊಂಡಿದ್ದೆ. ಒಳಗೆ ಕಾಲಿಟ್ಟರೆ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದ, ಮಗು ಕಣ್ಣಾಮುಚ್ಚಾಲೆ ಆಡುವ ಹಾಗೆ. "ಬಂದ್ಯಾ? ಮೊದ್ಲು ಅತ್ತು ಮುಗ್ಸು, ಆಮೇಲೆ ತೆಗೀತೀನಿ" ಎಂದ. ನಾನು ಅವನ ಕಾಲ ಹತ್ತಿರ ಕೂತು ಅತ್ತೆ. ಸಾಕೆನ್ನಿಸುವಷ್ಟು ಅತ್ತ ಮೇಲೆ "ಹೂಂ" ಎಂದೆ. ಕಣ್ಣು ಬಿಟ್ಟ. ಆಮೇಲಿನ ಒಂಬತ್ತು ದಿನ ನೀನೂ ಇದ್ದೆ, ನಿನಗೆ ಗೊತ್ತಿದೆ.

ನಿನ್ನೆ ಅಂಗಡಿಗೆ ಹಳೆಯ ಗಿರಾಕಿಯೊಬ್ಬಳು ಬಂದಳು, ಮಗಳ ಮದುವೆಗೆ ರವಿಕೆ ಹೊಲಿಸಲು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕಣ್ಣರಳಿಸಿದಳು. "ಎಷ್ಟು ಸಣ್ಣಗಾಗಿದೀರಾ! ಏನು ಚೆನ್ನಾಗಿ ಕಾಣ್ತೀರಾ. ಏನು ಮಾಡಿದ್ರಿ, ನಮಗೂ ಸ್ವಲ್ಪ ಹೇಳಿಕೊಡಿ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು, ಪಾಪ. ನಾನು ಹೇಗೆ ಅವನಿಗೆ ಬರೆದಿದ್ದೆನೋ ಹಾಗೆಯೇ.

ನನ್ನ ತಮ್ಮ ತೀರಿಕೊಂಡ ಎಂದೆ. ಅವಳು ಬಾಯಿಗೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಅವಳನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಸಂಜೆಯಾಯಿತು. ಅಂಗಡಿ ಮುಚ್ಚಿ ತರಕಾರಿಯವನ ಹತ್ತಿರ ಹೋದೆ. ಮನೆಗೆ ಬಂದು ಒಲೆ ಹಚ್ಚಿದೆ. ಅನ್ನ, ಬೀನ್ಸಿನ ಪಲ್ಯ, ಒಂದು ಬೇಯಿಸಿದ ಮೊಟ್ಟೆ. ರುಚಿ ತಿಳಿಯಲಿಲ್ಲ. ಎರಡು ತುತ್ತಿಗೇ ಎದ್ದುಬಿಟ್ಟೆ. ನೀರು ಕುಡಿದು ಮತ್ತೆ ಕೂತೆ. ಅತ್ತೆ ಹಾಸಿಗೆಯಿಂದಲೇ ನೋಡುತ್ತಿದ್ದರು. ತಟ್ಟೆ ಖಾಲಿ ಮಾಡಿದೆ.

ಇವತ್ತು ಬೆಳಿಗ್ಗೆ ಸಕ್ಕರೆ ನೋಡಿಸಿಕೊಂಡು ಬಂದೆ. ನೀನೂ ಒಮ್ಮೆ ಡಾಕ್ಟರಿಗೆ ತೋರಿಸು, ಉದಾಸೀನ ಮಾಡಬೇಡ.

ಈ ಪತ್ರ ಓದಿದ ಮೇಲೆ ಎದ್ದು ಒಲೆ ಹಚ್ಚು. ಬಹಳ ಏನೂ ಬೇಡ. ನಿಂತುಕೊಂಡು ತಿನ್ನಬೇಡ, ತಟ್ಟೆ ಇಟ್ಟುಕೊಂಡು ಕೂತು ಉಣ್ಣು. ಏನು ಉಂಡೆ ಎಂದು ನನಗೆ ಬರೆ. ನಾನೂ ಬರೆಯುತ್ತೇನೆ.

ನಿನ್ನ ಅತ್ತಿಗೆ